ರಿಪೇರಿ ಮಾಡಿಸಿದ ಮೇಲೆ ಪಿಸ್ತೂಲು ಯಾಕೆ ಹೆಚ್ಚು ಸಿಕ್ಕಿಕೊಳ್ಳುತ್ತದೆ?

"ರಿಪೇರಿಗೆ ಕೊಟ್ಟು ತಂದ ಮ್ಯಾಲೆ ಇನ್ನೂ ಜಾಸ್ತಿ ಸಿಕ್ಕೊಳ್ಳಾಕತ್ತೈತ್ರೀ ಸರ, ಯಾಕ?" ಲೈಸೆನ್ಸಿನ .32 ಬೋರಿನ ಪಿಸ್ತೂಲು ಇಟ್ಟುಕೊಂಡಿರುವ ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯವರು ಕೇಳುವ ಪ್ರಶ್ನೆ ಇದು. ಮೊದಲು ಅರ (ಲೋಹ ಉಜ್ಜುವ ಉಪಕರಣ) ಎಲ್ಲೆಲ್ಲಿ ಆಡಿದೆ ಎಂದು ಹುಡುಕಿ. ಎರಡನೇ ಸಲ ಅರ ಹಚ್ಚಲು ಮಾತ್ರ ಯಾರಿಗೂ ಬಿಡಬೇಡಿ. ಸವೆಸಿದ ಲೋಹ ಮತ್ತೆ ಬರುವುದಿಲ್ಲ.

ಮುಟ್ಟುವ ಮುನ್ನ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಹೊರಗೆ ತೆಗೆಯಿರಿ. ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದು ಚೇಂಬರನ್ನು, ಅಂದರೆ ಬ್ಯಾರಲ್ಲಿನಲ್ಲಿ ಗುಂಡು ಕೂರುವ ಜಾಗವನ್ನು, ಕಣ್ಣಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಕ್ರಮ ತಪ್ಪಿದರೆ ಸ್ಲೈಡ್ ಬಿಟ್ಟ ಕೂಡಲೇ ಮ್ಯಾಗಜೀನಿನ ಇನ್ನೊಂದು ಗುಂಡು ಒಳಗೆ ಹೋಗಿ ಕೂತಿರುತ್ತದೆ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ.

ನನ್ನ ಮೊದಲ ಅನುಮಾನ ಮ್ಯಾಗಜೀನಿನ ಮೇಲೆ. .32 ಗುಂಡಿನ ಬುಡದ ಅಂಚು ಸುತ್ತಲೂ ಸುಮಾರು ಕಾಲು ಮಿಲಿಮೀಟರ್ ಹೊರಚಾಚಿರುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ, ಸ್ಲೈಡ್ ಎಷ್ಟು ನೂಕಿದರೂ ಗುಂಡು ಮುಂದೆ ಹೋಗದು. ತುಂಬುವಾಗ ಪ್ರತಿ ಗುಂಡಿನ ಅಂಚು ಕೆಳಗಿನದಕ್ಕಿಂತ ಮುಂದೆ ಇರುವಂತೆ ನೋಡಿಕೊಂಡರೆ ಸಾಕು. ಇದು ಗೊತ್ತಿಲ್ಲದ ರಿಪೇರಿಯವರು ಬ್ಯಾರಲ್ಲಿನ ಹಿಂಬದಿಯಲ್ಲಿ ಗುಂಡು ಒಳಹೋಗುವ ಬಾಯಿ ಉಜ್ಜಿಬಿಡುತ್ತಾರೆ. ಉಜ್ಜಿ ಉಜ್ಜಿ ಬಾಯಿ ಅಗಲವಾದರೆ ಕೇಸಿನ (ಗುಂಡಿನ ಲೋಹದ ಕೊಳವೆಯ) ಬುಡಕ್ಕೆ ಆಸರೆ ಇರುವುದಿಲ್ಲ. ಹಾರಿಸಿದ ಖಾಲಿ ಕೇಸನ್ನು ಬೆಳಕಿಗೆ ಹಿಡಿದು ತಿರುಗಿಸಿ: ಬುಡದ ಹತ್ತಿರ ಒಂದೇ ಪಕ್ಕದಲ್ಲಿ ಹೊಟ್ಟೆ ಬಂದಿದ್ದರೆ ಆ ಪಿಸ್ತೂಲಿನಿಂದ ಇನ್ನೊಂದು ಗುಂಡೂ ಹಾರಿಸಬೇಡಿ. ಬ್ಯಾರಲ್ ಬದಲಿಸುವುದೊಂದೇ ದಾರಿ. ಮ್ಯಾಗಜೀನಿನ ತುಟಿಗಳ (ಗುಂಡು ಹಿಡಿದಿಡುವ ಮೇಲಂಚುಗಳ) ಮೇಲೆ ಇಕ್ಕಳದ ಹಲ್ಲಿನ ಗುರುತು ಇದ್ದರೆ ಹೊಸ ಮ್ಯಾಗಜೀನ್ ತರಿಸಿ.

ಎರಡನೆಯದು ಸ್ಲೈಡಿನ ಸ್ಪ್ರಿಂಗ್. "ಎಳೆಯೋದು ಬಿಗಿ ಐತಿ" ಎಂದರೆ ಎರಡು ಸುತ್ತು ಕತ್ತರಿಸಿ ಕೊಡುವವರಿದ್ದಾರೆ. .32 ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಸ್ಲೈಡನ್ನು ಬ್ಯಾರಲ್ಲಿಗೆ ಕಚ್ಚಿಸಿ ಹಿಡಿಯುವ ಬೀಗವೇ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಈ ಸ್ಪ್ರಿಂಗೇ ಹೊಡೆತ ತಡೆಯಬೇಕು. ಕತ್ತರಿಸಿದರೆ ಸ್ಲೈಡ್ ಹಿಂದಕ್ಕೆ ಬಡಿದು ಫ್ರೇಮ್ ಬಿರುಕು ಬಿಡಬಹುದು, ಮುಂದೆ ಬರುವಾಗ ಬಲ ಸಾಲದೆ ಎರಡು ಮೂರು ಮಿಲಿಮೀಟರ್ ಹಿಂದೆಯೇ ನಿಲ್ಲುತ್ತದೆ. ತುದಿ ಚೂಪಾಗಿ ತುಂಡಾಗಿದ್ದರೆ ಅನುಮಾನವೇ ಬೇಡ, ಹೊಸದು ಹಾಕಿಸಿ.

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಪಿಸ್ತೂಲಿನ ಮೂತಿಯನ್ನು ಅಪಾಯವಿಲ್ಲದ ದಿಕ್ಕಿಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿಯೂ ಸಿಡಿಯಬಹುದು. ಪ್ರೈಮರ್ (ಗುಂಡಿನ ಬುಡದ ನಡುವಿನ ಸಿಡಿಯುವ ಬಿಲ್ಲೆ) ಮೇಲೆ ಪಿನ್ ಬಡಿದ ಚುಕ್ಕೆ ಆಳವಿಲ್ಲದಿದ್ದರೆ ಫೈರಿಂಗ್ ಪಿನ್ನಿನ ದಾರಿಯಲ್ಲಿ ಜಿಡ್ಡು ಇರಬಹುದು. ಚುನಾವಣೆಗೆಂದು ಠಾಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಪಿಸ್ತೂಲಿನಲ್ಲಿ, ಅದರಲ್ಲೂ ಕೊಬ್ಬರಿ ಎಣ್ಣೆ ಹಚ್ಚಿದ್ದರೆ, ಸಂಡೂರು ಕಡೆಯ ಅದಿರಿನ ಕೆಂಧೂಳು ಸೇರಿ ಅಂಟಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಆ ತೂತಿಗೆ ಎಣ್ಣೆ ಬಿಡಬೇಡಿ.

ಖಾಲಿ ಪಿಸ್ತೂಲಿನ ಮೇಲೆ ಇದನ್ನೂ ತಪ್ಪದೆ ಮಾಡಿ: ಸ್ಲೈಡ್ ಎಳೆದು ಬಿಟ್ಟು, ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಒತ್ತಿ ಕೈ ಬಿಡಿ. ಈಗ ಸೇಫ್ಟಿ ತೆಗೆದಾಗ ಹ್ಯಾಮರ್ (ಪಿನ್ನಿಗೆ ಬಡಿಯುವ ಸುತ್ತಿಗೆ) "ಟಕ್" ಎಂದು ತಾನೇ ಬಿದ್ದರೆ ಅದನ್ನು ಹಿಡಿದಿಡುವ ಒಳಗಿನ ಕೊಕ್ಕೆಗೆ ಅರ ಬಿದ್ದಿರಬಹುದು. ಅಂಥದ್ದಕ್ಕೆ ಗುಂಡು ತುಂಬುವುದೇ ಪ್ರಾಣಾಪಾಯ.

ರಿಪೇರಿಗೂ ಲೈಸೆನ್ಸ್ ಇರಬೇಕೆಂದು 1959ರ ಆಯುಧ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಲೇತ್ ಅಂಗಡಿಗೆ ಒಯ್ಯಬೇಡಿ. ಲೈಸೆನ್ಸ್ ಇರುವಲ್ಲಿ ಕೊಟ್ಟು, ಪಿಸ್ತೂಲಿನ ನಂಬರ್, ಬದಲಿಸಿದ ಭಾಗ ಬರೆದ ರಸೀದಿ ಕೇಳಿ.

ಹೊಲದಲ್ಲಿ ಹಾರಿಸಿ ನೋಡುವುದು ಬೇಡ, ಅನುಮತಿಯಿರುವ ರೇಂಜಿಗೆ ಹೋಗಿ. ಮ್ಯಾಗಜೀನುಗಳ ಮೇಲೆ 1, 2 ಎಂದು ಬರೆದು, ಒಂದೊಂದರಿಂದ 5 ಗುಂಡು ಹಾರಿಸಿ, ಎಷ್ಟನೆಯದು ಸಿಕ್ಕಿತೆಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಒಂದೇ ಮ್ಯಾಗಜೀನಿನಲ್ಲಿ ಸಿಕ್ಕರೆ ದೋಷ ಅದರದ್ದು, ಎರಡರಲ್ಲೂ ಸಿಕ್ಕರೆ ಹೆಚ್ಚಾಗಿ ಪಿಸ್ತೂಲಿನದು. ರಿಪೇರಿಯವರಿಗೆ ಆ ಚೀಟಿಯನ್ನೂ ಜೊತೆಗೆ ಕೊಡಿ.