ಟ್ರಮಡಾಲ್ ಇಲ್ಲದೆ ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆ

ಒಂಬತ್ತು ವರ್ಷಗಳ ಹಿಂದೆ ವಿಜಯಪುರದಲ್ಲಿ ಅವ್ವನ ಮುಂಗೈ ಮುರಿದಾಗ, ಒಂದು ಆಸ್ಪತ್ರೆಯಲ್ಲಿ ನೋವಿಗೆಂದು ಟ್ರಮಡಾಲ್ ಚುಚ್ಚುಮದ್ದು ಕೊಟ್ಟಿದ್ದರು. ಹತ್ತು ನಿಮಿಷ ಕಳೆಯುವುದರೊಳಗೆ ಮೈತುಂಬ ದದ್ದೆದ್ದು, ತುಟಿ ಬಾತು, ಎದೆಯಲ್ಲಿ ಸಿಳ್ಳೆಯಂಥ ಸದ್ದು ಬರತೊಡಗಿತು. ಅಂದು ಅವಳ ಜೀವ ಉಳಿಯಿತು. ಆದರೆ ಬಿಡುಗಡೆಯ ಚೀಟಿಯಲ್ಲಿ ಈ ಸಂಗತಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಔಷಧದ ಹೆಸರನ್ನು ನಾನೇ ಕೇಳಿ ಡೈರಿಯಲ್ಲಿ ಬರೆದಿಟ್ಟಿದ್ದೆ. ಕಳೆದ ಚಳಿಗಾಲದಲ್ಲಿ ಬೆಳಗಾವಿಯಲ್ಲಿ ಅವಳ ಮೊಣಕಾಲಿನ ಕೀಲು ಬದಲಾಯಿಸಲು ದಿನ ಗೊತ್ತಾದಾಗ ನಮ್ಮ ಕೈಯಲ್ಲಿದ್ದ ಆಧಾರ ಆ ಒಂದು ಸಾಲು ಮಾತ್ರ.

ಅರಿವಳಿಕೆ ತಜ್ಞರು ಆ ಸಾಲನ್ನು ಓದಿ, ಕುರ್ಚಿ ಎಳೆದುಕೊಂಡು ಅವ್ವನ ಪಕ್ಕ ಕುಳಿತರು. "ವಾಂತಿ ಆಗಿತ್ತೇನ್ರಿ ಅವ್ವಾರ, ಬರೇ ತುರಿಕಿ ಇತ್ತೋ, ಉಸಿರು ಕಟ್ಟಿತ್ತೋ?" ಎಂದು ಒಂದೊಂದಾಗಿ ವಿಚಾರಿಸಿದರು. ಈ ಪ್ರಶ್ನೆಯಲ್ಲಿಯೇ ಅರ್ಧ ಚಿಕಿತ್ಸೆ ಅಡಗಿದೆಯೆಂಬುದು ನನಗೆ ಆಮೇಲೆ ತಿಳಿಯಿತು. ಟ್ರಮಡಾಲ್, ಮಾರ್ಫಿನ್‌ಗಳು ಸೇರಿದ, ಓಪಿಯಾಯ್ಡ್ ಎಂಬ ಗುಂಪಿನ ಬಲವಾದ ನೋವಿನ ಔಷಧಗಳಿಂದ ಬರುವ ವಾಕರಿಕೆ, ಮಲಬದ್ಧತೆ, ಮಂಪರುಗಳು ಅಡ್ಡಪರಿಣಾಮಗಳೇ ಹೊರತು ಅಲರ್ಜಿಯಲ್ಲ. ಮಾರ್ಫಿನ್, ಕೊಡೀನ್‌ಗಳು ದೇಹದ ಕೆಲವು ಕೋಶಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬರುವಂತೆ ಮಾಡುವುದರಿಂದ ಹುಟ್ಟುವ ತುರಿಕೆಯೂ ಬಹುಪಾಲು ನಿಜವಾದ ಅಲರ್ಜಿಯಲ್ಲ. ಅಂಥವರಿಗೆ ಹಿಸ್ಟಮಿನ್ ಅಷ್ಟಾಗಿ ಬಿಡಿಸದ, ಅದೇ ಗುಂಪಿನ ಫೆಂಟನಿಲ್ ಒಗ್ಗಬಹುದು. ನಿಜವಾದ ಅಲರ್ಜಿ ವಿರಳ. ಆದರೆ ತುಟಿ ಬಾತು ಉಸಿರು ಕಟ್ಟಿದ್ದನ್ನು ಹಗುರವಾಗಿ ಕಾಣುವಂತಿರಲಿಲ್ಲವಾದ್ದರಿಂದ, ಇಡೀ ಗುಂಪನ್ನೇ ದೂರವಿಡಲು ಅವರು ತೀರ್ಮಾನಿಸಿದರು.

ಬೆನ್ನುಹುರಿಯ ಅರಿವಳಿಕೆಗೆ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಒಂದನ್ನೇ ಬಳಸಿದರು. ಸಾಮಾನ್ಯವಾಗಿ ಅದರ ಜೊತೆ ಬೆರೆಸುವ ಫೆಂಟನಿಲ್ಲನ್ನು ಬಿಟ್ಟರು. ಬಳಿಕ ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತ, ತೊಡೆಯ ಒಳಭಾಗದಲ್ಲಿ ಮೊಣಕಾಲಿನತ್ತ ಹೋಗುವ ನರದ ಸುತ್ತ ಮರಗಟ್ಟಿಸುವ ಮದ್ದು ಹಾಕಿ, ಅಲ್ಲಿಯೇ ಸಣ್ಣ ನಳಿಕೆಯೊಂದನ್ನು ಇಟ್ಟರು. ಇದರಿಂದ ತೊಡೆಯ ಸ್ನಾಯುಗಳ ಬಲ ಬಹುಮಟ್ಟಿಗೆ ಉಳಿಯುವುದರಿಂದ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸಬಹುದು. ಮೊಣಕಾಲಿನ ಹಿಂಭಾಗಕ್ಕೆ ಇದರ ಪರಿಣಾಮ ಸಾಲದು. ಹಾಗಾಗಿ ಶಸ್ತ್ರವೈದ್ಯರು ಕೀಲಿನ ಸುತ್ತಲಿನ ಮಾಂಸಕ್ಕೂ ಮದ್ದು ತುಂಬಿದರು.

ಪ್ಯಾರಸಿಟಮಾಲ್ ಅನ್ನು ಜ್ವರದ ಗುಳಿಗೆಯೆಂದು ಕಡೆಗಣಿಸಿದ್ದ ನನಗೆ ಅದರ ಶಿಸ್ತು ಕಂಡಿದ್ದು ಇಲ್ಲಿಯೇ. ನೋವು ಬಂದಾಗಲಲ್ಲ, ಗಡಿಯಾರ ನೋಡಿ ಆರು ಗಂಟೆಗೊಮ್ಮೆ ರಕ್ತನಾಳದ ಮೂಲಕ ಕೊಡುತ್ತಿದ್ದರು. ವಯಸ್ಕರಿಗೆ ಸಾಮಾನ್ಯವಾಗಿ ಒಮ್ಮೆಗೆ 1 ಗ್ರಾಂ ಆದರೂ, 50 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ಪ್ರತಿ ಕೆ.ಜಿ.ಗೆ 15 ಮಿ.ಗ್ರಾಂ. ಲೆಕ್ಕ, 46 ಕೆ.ಜಿ. ತೂಗುವ ಅವ್ವನಿಗೆ 690 ಮಿ.ಗ್ರಾಂ. ಆಯಿತು. ಮೂತ್ರಪಿಂಡದ ಪರೀಕ್ಷೆ ಸರಿಯಿದ್ದುದರಿಂದ ಡೈಕ್ಲೊಫಿನಾಕ್ ಎಂಬ ನೋವಿನ ಮದ್ದನ್ನೂ ಎರಡೇ ದಿನ ಕೊಟ್ಟರು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್‌ನಿಂದ ಕೆರಳುವ ಆಸ್ತಮಾ ಇದ್ದವರಿಗೆ ಅದು ಸಲ್ಲದು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ವಯಸ್ಸಾದವರಲ್ಲಿ ಮಂಪರು ತಂದು ಬೀಳಿಸಬಹುದೆಂದು ಬೇಡವೆಂದರು.

ಎರಡನೆಯ ರಾತ್ರಿ ಕಷ್ಟವಾಯಿತು. ಕೀಲಿಗೆ ತುಂಬಿದ ಮದ್ದು ಇಳಿದು, ಮೊಣಕಾಲಿನ ಹಿಂದೆ ಸುತ್ತಿಗೆಯಿಂದ ಬಡಿದಂತಾಗುತ್ತಿದೆಯೆಂದು ಅವ್ವ ಹಲ್ಲು ಕಚ್ಚಿಕೊಂಡು ಅತ್ತಳು. ಓಪಿಯಾಯ್ಡ್ ಇಲ್ಲದಿದ್ದರೂ ನೋವೇ ಇರುವುದಿಲ್ಲವೆಂದು ನಾನು ಯಾರಿಗೂ ಹೇಳಲಾರೆ. ಕರೆದ ಕೂಡಲೇ ಬಂದ ತಜ್ಞರು, ಕಾದಿರಿಸಿದ್ದ ಕೆಟಮಿನ್ ಎಂಬ ಅರಿವಳಿಕೆಯ ಮದ್ದನ್ನು ಅತಿ ಕಡಿಮೆ ಪ್ರಮಾಣದಲ್ಲಿ, ನಾಡಿ, ರಕ್ತದೊತ್ತಡಗಳನ್ನು ಗಮನಿಸುತ್ತ ಹರಿಸಿದರು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ನಾನು ಬೆಳಗಿನವರೆಗೂ ಆಗಾಗ ಇಡುತ್ತಿದ್ದೆ. ನಸುಕಿನಲ್ಲಿ ಅವಳಿಗೆ ಕಣ್ಣು ಹತ್ತಿತು.

ಊರಿಗೆ ಬಂದ ಮೇಲೆ ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆ ಕೇಳಿದಾಗ ಕೈಗಿತ್ತ ಪಟ್ಟಿಯ ಹಿಂಬದಿಯಲ್ಲಿ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಇತ್ತು, ಓದಿ ಹಿಂದಿರುಗಿಸಿದೆ. ಕೆಲವು ಕೆಮ್ಮಿನ ಔಷಧಗಳಲ್ಲಿ ಕೊಡೀನ್ ಕೂಡ ಇರುತ್ತದೆ. ಈಗ ಅವ್ವನ ಎಲೆಅಡಿಕೆಯ ಸಂಚಿಯಲ್ಲಿ ಆಧಾರ್ ಕಾರ್ಡಿನ ಜೊತೆ ಒಂದು ಚೀಟಿ ಇದೆ. ಅದರಲ್ಲಿ ಔಷಧದ ಹೆಸರು, ಹತ್ತು ನಿಮಿಷದಲ್ಲಿ ಏನಾಯಿತೆಂಬುದು, ಅವಳಿಗೆ ಒಗ್ಗಿದ ಔಷಧಗಳು, ಎಲ್ಲವೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇವೆ. ಕೆಳಗೆ ಆ ತಜ್ಞರ ಸಹಿಯಿದೆ.