ಹಾವಿಗೆ ಊಟ ಅದರ ಗೂಡಿನಲ್ಲೇ ಇರಲಿ

ಹಾವು ಸಾಕಿದವರು ನಾಲ್ಕು ಜನ ಸೇರಿದರೆ ಮುಗಿಯದ ವಾದವೊಂದು ಏಳುತ್ತದೆ: ಹಾವಿಗೆ ಅದು ವಾಸಿಸುವ ಗೂಡಿನೊಳಗೇ ಆಹಾರ ಕೊಡಬೇಕೋ, ಇಲ್ಲವೇ ಪ್ರತಿ ಸಲ ಬೇರೊಂದು ಡಬ್ಬಿಗೆ ವರ್ಗಾಯಿಸಿ ಅಲ್ಲಿ ತಿನ್ನಿಸಬೇಕೋ? ಕಲಬುರಗಿಯ ಮನೆಯಲ್ಲಿ ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವೊಂದನ್ನು ಹಲವು ವರ್ಷಗಳಿಂದ ಸಾಕುತ್ತಿರುವ ನಾನು ಗೂಡಿನ ಪಕ್ಷದವನು. ಅದಕ್ಕೆ ಕಾರಣಗಳನ್ನೂ, ಈ ಊರಿನ ಬಿಸಿಲು ಊಟದ ಕ್ರಮವನ್ನು ಹೇಗೆ ಬದಲಿಸುತ್ತದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕಾನೂನಿನ ಮಾತು. ನಾಗರಹಾವು, ಕೇರೆಹಾವು, ನಮ್ಮ ನಾಡಿನ ಹೆಬ್ಬಾವು ಮುಂತಾದ ದೇಶಿ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವುಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಜೀವಿ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣವಿರುವ ಪ್ರಭೇದಗಳ ಪಟ್ಟಿಯಲ್ಲಿ ಅದು ಸೇರಿರುವುದರಿಂದ, 2024ರಲ್ಲಿ ಬಂದ ನಿಯಮಗಳ ಪ್ರಕಾರ ಅದನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಲೇಬೇಕು. ಕಾಗದಪತ್ರವಿಲ್ಲದೆ ಕಡಿಮೆ ಬೆಲೆಗೆ ಸಿಗುವ ಹಾವನ್ನು ಕೊಳ್ಳಬೇಡಿ ಎಂಬಲ್ಲಿಗೆ ಈ ವಿಷಯವನ್ನು ಬಿಡುತ್ತೇನೆ.

ಬೇರೆ ಡಬ್ಬಿಯ ಪಕ್ಷದವರ ವಾದ ಸರಳವಾದದ್ದು. ಗೂಡಿನೊಳಗೆ ತಿನ್ನಿಸಿದರೆ, ಬಾಗಿಲು ತೆರೆದಾಗಲೆಲ್ಲ ಊಟ ಬಂತೆಂದು ತಿಳಿಯುವ ಹಾವು ಮುಂದೆ ಕೈಗೂ ಬಾಯಿ ಹಾಕುತ್ತದೆ ಎಂದು ಅವರು ಹೇಳುತ್ತಾರೆ. ಆದರೆ ಬಾಲ್ ಪೈಥಾನ್ ತನ್ನ ಬೇಟೆಯನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ ಮತ್ತು ಶಾಖದಿಂದ. ಅದರ ಮೇಲ್ತುಟಿಯ ಅಂಚಿನಲ್ಲಿ ಶಾಖವನ್ನು ಗ್ರಹಿಸುವ ಸಣ್ಣ ಕುಳಿಗಳ ಸಾಲಿದೆ. ಇಲಿಯ ವಾಸನೆ ಅಂಟಿದ ಬೆಚ್ಚಗಿನ ಕೈ ಗೂಡಿನಲ್ಲಿದ್ದರೂ ಡಬ್ಬಿಯಲ್ಲಿದ್ದರೂ ಅದಕ್ಕೆ ಇಲಿಯೇ. ಅಲ್ಲದೆ, ಡಬ್ಬಿಯಲ್ಲಿ ತಿಂದ ಹಾವನ್ನು ಮರಳಿ ಗೂಡಿಗೆ ಸೇರಿಸಲು ಯಾರಾದರೂ ಕೈ ಹಾಕಲೇಬೇಕಾಗುತ್ತದೆ, ಮತ್ತು ಬೇಟೆಯ ಆವೇಶ ಇನ್ನೂ ಇಳಿಯದ, ಹೊಟ್ಟೆ ತುಂಬಿದ ಹಾವನ್ನು ಎತ್ತುವ ಆ ಗಳಿಗೆಯೇ ಕಚ್ಚಿಸಿಕೊಳ್ಳಲು ಹೆಚ್ಚು ಅವಕಾಶವಿರುವ ಗಳಿಗೆ. ಹಾಗೆ ಎತ್ತಾಡಿದರೆ ನುಂಗಿದ್ದನ್ನು ಅದು ಕಕ್ಕಿಬಿಡುವ ಸಂಭವವೂ ಉಂಟು. ಸ್ವಭಾವತಃ ಅಂಜುಬುರುಕವಾದ ಈ ಹಾವು ಅಪರಿಚಿತ ಡಬ್ಬಿಯಲ್ಲಿ ಮುಖ ತಿರುಗಿಸಿ ಕೂರುವುದೂ ಸಾಮಾನ್ಯ.

ಕೈಗೂ ಊಟಕ್ಕೂ ಇರುವ ವ್ಯತ್ಯಾಸವನ್ನು ಹಾವಿಗೆ ತಿಳಿಸಲು ಬೇರೆ ದಾರಿ ಇದೆ. ಊಟದ ದಿನವಲ್ಲದಿದ್ದರೆ, ಗೂಡು ತೆರೆದ ಕೂಡಲೇ ಸುರುಳಿ ಸುತ್ತಿದ ಕಾಗದದಿಂದಲೋ ಹಾವು ಹಿಡಿಯುವ ಕೊಕ್ಕೆಯಿಂದಲೋ ಅದರ ಬೆನ್ನನ್ನು ಮೆಲ್ಲಗೆ ಮುಟ್ಟಬೇಕು. ಇದನ್ನು ತಪ್ಪದೆ ಮಾಡುತ್ತ ಬಂದರೆ ಆ ಸ್ಪರ್ಶ ಇಂದು ಊಟವಿಲ್ಲ ಎಂಬ ಸೂಚನೆಯಾಗಿ ಅದಕ್ಕೆ ರೂಢಿಯಾಗುತ್ತದೆ.

ಬೇರೆ ಡಬ್ಬಿ ನಿಜವಾಗಿ ಬೇಕಾಗುವುದು ಒಂದೇ ಗೂಡಿನಲ್ಲಿ ಎರಡು ಹಾವುಗಳಿದ್ದಾಗ. ಎರಡೂ ಒಂದೇ ಇಲಿಯನ್ನು ಎರಡು ತುದಿಯಿಂದ ಹಿಡಿದರೆ ಒಂದು ಇನ್ನೊಂದನ್ನೇ ನುಂಗತೊಡಗಬಹುದು. ಹಾಗೆ ಜೊತೆಗಿಡುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಗೂಡಿಗೆ ಹಾಸಿದ ತೆಂಗಿನ ನಾರು, ಮರದ ಚೂರು ಬಾಯಿಗೆ ಹೋಗುತ್ತವೆ ಎಂಬ ಚಿಂತೆಗೆ ನಮ್ಮ ಜಿಲ್ಲೆಯವರ ಬಳಿ ಸುಲಭದ ಪರಿಹಾರವಿದೆ. ಮನೆ ಕಟ್ಟುವಾಗ ಉಳಿದ ಶಹಾಬಾದಿ ಫರಸಿಯ ಒಂದು ತುಂಡನ್ನು ಅಂಚು ತಿಕ್ಕಿ ನುಣುಪು ಮಾಡಿ ಗೂಡಿನ ಮುಂಭಾಗದಲ್ಲಿ ಇಟ್ಟರೆ ಅದೇ ಊಟದ ತಟ್ಟೆ. ತೊಳೆಯಲು ಸಾಬೂನು ನೀರು ಸಾಕು.

ಇನ್ನು ಏನು ಕೊಡಬೇಕು ಎಂಬುದು. ನನ್ನ ಹಾವಿಗೆ ಕೊಡುವುದು ಆಹಾರಕ್ಕೆಂದೇ ಬೆಳೆಸಿ, ಕೊಂದು, ಹೆಪ್ಪುಗಟ್ಟಿಸಿದ ಬಿಳಿ ಇಲಿಗಳನ್ನು. ಹೈದರಾಬಾದಿನಿಂದ ಪರಿಚಯದವರೊಬ್ಬರು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು ತಂದುಕೊಡುತ್ತಾರೆ. ಪೆಟ್ಟಿಗೆ ತೆರೆದಾಗ ಇಲಿ ಕಲ್ಲಿನಂತೆ ಗಟ್ಟಿಯಾಗಿರದೆ ಮೆತ್ತಗಾಗಿದ್ದರೆ ಅದನ್ನು ಮತ್ತೆ ಫ್ರೀಜರಿಗೆ ಸೇರಿಸದೆ ಎಸೆಯುವುದೇ ಸರಿ. ಜೀವಂತ ಇಲಿಯನ್ನು ಗೂಡಿಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಇಲಿಗೆ ಅದು ಹಿಂಸೆ. ಹಾವಿಗೆ ಹಸಿವಿಲ್ಲದ ದಿನವಾದರೆ ಅದೇ ಇಲಿ ಹಾವಿನ ಬೆನ್ನು, ಕಣ್ಣುಗಳನ್ನು ಕಡಿದು ಗಾಯ ಮಾಡುತ್ತದೆ.

ನಮ್ಮ ಓಣಿಯ ಕಾಕಾ ಒಬ್ಬರು ತಮ್ಮ ತೊಗರಿ ಗೋದಾಮಿನಲ್ಲಿ ಬೋನಿಗೆ ಬಿದ್ದ ಹೆಗ್ಗಣವನ್ನು ತೋರಿಸಿ, "ತಗೋರಿ, ನಿಮ್ಮ ಹಾವಿಗಿ ಆಯ್ತು, ರೊಕ್ಕಾನೂ ಉಳೀತು" ಎಂದು ಪ್ರೀತಿಯಿಂದಲೇ ಕೊಡಬಂದಿದ್ದರು. ತೊಗರಿಯ ನಾಡಿನಲ್ಲಿ ಇಲಿಗಳಿಗೆ ಬರವಿಲ್ಲ, ಇಲಿ ಪಾಷಾಣಕ್ಕೂ ಇಲ್ಲ. ಬ್ರೋಮಾಡಿಯೊಲೋನ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡಿಕೊಂಡಿರುತ್ತದೆ; ಅಷ್ಟರಲ್ಲಿ ವಿಷ ಅದರ ಯಕೃತ್ತಿನಲ್ಲಿ ಸೇರಿರುತ್ತದೆ ಮತ್ತು ನುಂಗಿದ ಪ್ರಾಣಿಗೂ ದಾಟುತ್ತದೆ. ಜಂತುಹುಳು, ಉಣ್ಣಿಗಳ ಕಾಟ ಬೇರೆ. ಕಾಕಾ ಅವರಿಗೆ ಇದನ್ನೆಲ್ಲ ವಿವರಿಸಿದ ಮೇಲೆ ಅವರು ಕೇಳಿದ್ದು, "ಹಂಗಾರ ಹಾಲರೆ ಹಾಕ್ರಿ" ಎಂದು. ಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆಯುವ ಸಂಪ್ರದಾಯದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಹಾಲು ಹಾವಿನ ಆಹಾರವಲ್ಲ. ಬಾಯಾರಿಕೆಯಿಂದ ಬಳಲಿದ ಹಾವು ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿದೀತು, ಆದರೆ ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಗೂಡಿನಲ್ಲಿ ಸದಾ ಇರಬೇಕಾದದ್ದು ಶುದ್ಧ ನೀರು.

ಅಳತೆಯ ವಿಷಯದಲ್ಲಿ ಕೈ ಹಿಡಿತ ಇರಲಿ. ಇಲಿಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗವನ್ನು ಮೀರಬಾರದು. ಮರಿಹಾವಿಗೆ ಅದರ ತೂಕದ ಶೇ 10ರಷ್ಟು ತೂಕದ ಇಲಿಮರಿಯನ್ನು ವಾರಕ್ಕೊಮ್ಮೆ ಕೊಡಬಹುದು. ಬೆಳೆದ ಹಾವಿಗೆ ಶೇ 5ರಷ್ಟು, ಎರಡು ಮೂರು ವಾರಕ್ಕೊಮ್ಮೆ. ಒಂದೂವರೆ ಕಿಲೋ ತೂಗುವ ನನ್ನ ಹಾವಿಗೆ 75 ಗ್ರಾಂ ಆಸುಪಾಸಿನ ಇಲಿ ಸಾಲುತ್ತದೆ. ಸಾಕಿದ ಹಾವುಗಳಲ್ಲಿ ಉಪವಾಸಕ್ಕಿಂತ ಬೊಜ್ಜೇ ಹೆಚ್ಚಿನ ತೊಂದರೆ ಎಂದು ನನಗನ್ನಿಸುತ್ತದೆ.

ಹಿಂದಿನ ರಾತ್ರಿಯೇ ಇಲಿಯನ್ನು ಫ್ರೀಜರಿನಿಂದ ತೆಗೆದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲು ಬಿಡಬೇಕು. ಸಾಧ್ಯವಿದ್ದರೆ ಇದಕ್ಕೆ ಬೇರೆಯೇ ಸಣ್ಣ ಫ್ರಿಜ್ ಇರುವುದು ಮನೆಯ ಶಾಂತಿಗೂ ಒಳ್ಳೆಯದು. ಕೊಡುವ ಮುನ್ನ ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇದಕ್ಕೆಂದೇ ಮೀಸಲಿಟ್ಟ ಬಕೆಟ್ಟಿನ ಬಿಸಿನೀರಿನಲ್ಲಿ ಇಟ್ಟು, ಒಳಗಿನ ತಣ್ಣಗಿನ ಗಂಟು ಪೂರ್ತಿ ಹೋಗಿ ಮೈ 38 ಡಿಗ್ರಿಯಷ್ಟು ಬೆಚ್ಚಗಾಗುವವರೆಗೆ ಕಾಯಬೇಕು. ಮೈಕ್ರೋವೇವ್ ಬಳಸಿದರೆ ಒಳಭಾಗ ಬೆಂದು ಹೊಟ್ಟೆ ಒಡೆಯುತ್ತದೆ. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ರೋಗಾಣು ಸಾಯುವುದಿಲ್ಲ ಎಂಬುದನ್ನು ಮರೆಯದೆ, ಬಕೆಟ್ಟು, ಇಕ್ಕಳ, ನೀರಿನ ಬೋಗುಣಿ ಯಾವುದನ್ನೂ ಅಡುಗೆಮನೆಯ ಸಿಂಕಿಗೆ ತರಬಾರದು. ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳು ಮತ್ತು ಗರ್ಭಿಣಿಯರು ಈ ಕೆಲಸದಿಂದ ದೂರ ಇರುವುದು ಲೇಸು.

ಊಟದ ಸಮಯ ದೀಪ ಹಚ್ಚಿದ ಮೇಲೆ. ಕೋಣೆಯ ಬಾಗಿಲು ಹಾಕಿ, ಕೈಗಿಂತ ಮೊದಲು ಇಕ್ಕಳವೇ ಗೂಡಿನೊಳಗೆ ಹೋಗಬೇಕು. ಒಂದಡಿಗಿಂತ ಉದ್ದದ ಇಕ್ಕಳದಿಂದ ಇಲಿಯನ್ನು ಸೊಂಟದ ಬಳಿ ಹಿಡಿದು, ತಲೆ ಹಾವಿನ ಕಡೆಗೆ ಇರುವಂತೆ ನಿಧಾನವಾಗಿ ಅಲುಗಾಡಿಸುತ್ತೇನೆ. ಅಡಗುಗೂಡಿನ ಬಾಯಿಯಲ್ಲಿ ಮೊದಲು ಕಾಣುವುದು ನಾಲಿಗೆ. ಅದು ಹೊರಬರುವ ವೇಗ ಹೆಚ್ಚುತ್ತದೆ, ಕತ್ತು ಹಿಂದಕ್ಕೆ ಸರಿದು ಮಡಚಿಕೊಳ್ಳುತ್ತದೆ, ಒಂದು ಕ್ಷಣ ಎಲ್ಲವೂ ನಿಲ್ಲುತ್ತದೆ, ಮರುಕ್ಷಣ ಇಲಿ ಸುರುಳಿಯ ಒಳಗಿರುತ್ತದೆ. ಸತ್ತ ಇಲಿಯನ್ನೂ ಅದು ಬಿಗಿದು ಹಿಡಿದು ಕೆಲವು ನಿಮಿಷ ಬಿಡುವುದಿಲ್ಲ. ನಂತರ ಸುರುಳಿ ಸಡಿಲಿಸಿ, ಮೂತಿಯಿಂದ ತಡವುತ್ತ ತಲೆಯನ್ನು ಹುಡುಕಿ ನುಂಗತೊಡಗುತ್ತದೆ. ಮುಗಿದ ಮೇಲೆ ಬಾಯಿ ಅಗಲವಾಗಿ ತೆರೆದು ದವಡೆಗಳನ್ನು ಸರಿಪಡಿಸಿಕೊಳ್ಳುತ್ತದೆ. ಅಷ್ಟರವರೆಗೆ ಮೊಬೈಲ್ ಬೆಳಕು, ಮಾತು, ಓಡಾಟ ಯಾವುದೂ ಬೇಡ. ಗೂಡಿಗೆ ಬೀಗ ಹಾಕಿದ ಮೇಲೆ ಎರಡು ದಿನ ಹಾವನ್ನು ಎತ್ತಬಾರದು. ಅಕಸ್ಮಾತ್ ಬೆರಳಿಗೆ ಬಾಯಿ ಹಾಕಿದರೆ ಜಗ್ಗಬೇಡಿ: ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಗಾಯ ಹರಿಯುತ್ತದೆ. ತಣ್ಣೀರಿನ ಕೆಳಗೆ ಹಿಡಿದರೆ ಬಿಡುತ್ತದೆ. ವಿಷವಿಲ್ಲ, ಆದರೂ ಸಾಬೂನಿನಿಂದ ತೊಳೆದು, ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಲಬುರಗಿಯಲ್ಲಿ ಕೊನೆಯ ಮಾತು ಬಿಸಿಲಿನದೇ. ಹಾವಿನ ಜೀರ್ಣಶಕ್ತಿ ಹೊರಗಿನ ಶಾಖವನ್ನು ಅವಲಂಬಿಸಿದೆ. ಗೂಡಿನ ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 26 ಡಿಗ್ರಿ ಆಸುಪಾಸಿನಲ್ಲಿದ್ದು, ಬೇಕಾದ ಕಡೆಗೆ ಸರಿಯಲು ಅದಕ್ಕೆ ಅವಕಾಶವಿರಬೇಕು. ಶರಣಬಸವೇಶ್ವರರ ಜಾತ್ರೆ ಮುಗಿಯುತ್ತಿದ್ದಂತೆ ಏರುವ ಬಿಸಿಲು ಮಿರಗ (ಮೃಗಶಿರಾ ಮಳೆ) ಕೂಡುವವರೆಗೆ ಇಳಿಯುವುದಿಲ್ಲ, ಹೊರಗೆ 40 ದಾಟುವ ದಿನಗಳಲ್ಲಿ ತಣ್ಣನೆಯ ಬದಿ ಎಂಬುದೇ ಗೂಡಿನಲ್ಲಿ ಉಳಿಯುವುದಿಲ್ಲ. ಆಗ ಗೂಡಿಗೆ ಶಾಖ ಕೊಡುವ ವಿದ್ಯುತ್ ಹಾಸು, ಅಂದರೆ ಹೀಟ್ ಮ್ಯಾಟ್ ಬಂದ್ ಮಾಡಿ, ಗೂಡನ್ನು ಮಾಳಿಗೆಯ ಕೆಳಗಿನ ಕೋಣೆಯಿಂದ ತೆಗೆದು ಮನೆಯ ನಡುವಿನ ಕೋಣೆಯ ಫರಸಿ ನೆಲದ ಮೇಲೆ ಇಡುತ್ತೇನೆ. ಕೂಲರ್ ಗಾಳಿ ನೇರವಾಗಿ ತಾಗದಂತೆ ನೋಡಿಕೊಂಡರೆ ಅದು ಒಣಹವೆಗೆ ತೇವವನ್ನೂ ಸೇರಿಸುತ್ತದೆ, ಬಾಲ್ ಪೈಥಾನಿಗೆ ಅದು ಬೇಕು. ಗೂಡಿನೊಳಗಿನ ಮಾಪಕ 34 ತೋರಿಸುತ್ತಿದ್ದರೆ ಆ ದಿನ ಊಟವಿಲ್ಲ. ರಾತ್ರಿ ತಂಪಾದ ದಿನ ನೋಡಿ, ಎಂದಿಗಿಂತ ಸಣ್ಣ ಇಲಿ ಕೊಡುತ್ತೇನೆ. ಚಳಿಗಾಲದ ಕಷ್ಟ ಇದಕ್ಕೆ ವಿರುದ್ಧವಾದದ್ದು: ತಿಂದ ರಾತ್ರಿ ವಿದ್ಯುತ್ ಹೋಗಿ ಗೂಡು ತಣ್ಣಗಾದರೆ ಹೊಟ್ಟೆಯಲ್ಲಿನ ಇಲಿ ಅರಗದೆ ಕೊಳೆಯತೊಡಗಿ, ಹಾವು ಅದನ್ನು ಕಕ್ಕಬಹುದು. ಹೀಟ್ ಮ್ಯಾಟಿಗೆ ಇನ್ವರ್ಟರ್ ಸಂಪರ್ಕ ಮತ್ತು ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಎರಡೂ ಇಲ್ಲದೆ ಡಿಸೆಂಬರಿನಲ್ಲಿ ಊಟ ಕೊಡುವ ಧೈರ್ಯ ಮಾಡಬಾರದು. ಕಕ್ಕಿದ ಮೇಲೆ ಎರಡು ವಾರ ನೀರು ಮಾತ್ರ, ಆಮೇಲೆ ಅರ್ಧ ಗಾತ್ರದ ಇಲಿ.

ತಿನ್ನದಿದ್ದರೆ ಗಾಬರಿ ಬೇಡ. ಪೊರೆ ಬಿಡುವ ಮುನ್ನ ಕಣ್ಣು ಮಂಜು ಕವಿದಂತೆ ನೀಲಿಯಾಗಿರುವಾಗ ಅದು ಸಾಮಾನ್ಯವಾಗಿ ತಿನ್ನುವುದಿಲ್ಲ. ಬೆಳೆದ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡುವುದೂ ಇದೆ. ಬಲವಂತವಾಗಿ ಬಾಯಿಗೆ ತುರುಕುವ ಬದಲು ತಕ್ಕಡಿಯಲ್ಲಿಟ್ಟು ತೂಗಿ, ದಿನಾಂಕ, ಹಾವಿನ ತೂಕ, ಇಲಿಯ ತೂಕ, ಗೂಡಿನ ಶಾಖ ಇವನ್ನು ಒಂದು ವಹಿಯಲ್ಲಿ ಬರೆಯುತ್ತ ಹೋಗಬೇಕು. ತೂಕ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಎರಡು ಸಲ ಮೇಲಿಂದ ಮೇಲೆ ಕಕ್ಕಿದರೆ, ಪಶುವೈದ್ಯರಲ್ಲಿಗೆ ಹೋಗಬೇಕು. ಆಕಳು, ಎಮ್ಮೆ, ಆಡುಗಳನ್ನೇ ದಿನವೂ ನೋಡುವ ವೈದ್ಯರು ಹಾವನ್ನು ನೋಡಲು ಒಪ್ಪುತ್ತಾರೆಯೇ ಎಂದು ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮಗೆ ಹತ್ತಿರದಲ್ಲೇ ಇರುವುದರಿಂದ ಯಾರನ್ನು ಕಾಣಬೇಕೆಂದು ಅಲ್ಲಿಯೂ ಕೇಳಬಹುದು. ಹೋಗುವಾಗ ಆ ವಹಿಯನ್ನೂ, ಸಾಧ್ಯವಾದರೆ ಕಕ್ಕಿದ್ದನ್ನು ಡಬ್ಬಿಯಲ್ಲಿ ಮುಚ್ಚಿಯೂ ಒಯ್ಯಿರಿ.