ಅಮ್ಮನ ಶುಗರ್ ಫೈಲು: ಜೂನ್‌ನಿಂದ ಗೌರಿ ಹಬ್ಬದವರೆಗೆ

ಈ ವರ್ಷ ಹಿಡಿದ ಕೆಲಸ ಇದು: ಅಮ್ಮ ನುಂಗುವ ಮಾತ್ರೆ, ಕುಡಿಯುವ ಕಷಾಯ, ಮಾಡುವ ಪಥ್ಯ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ಆ ಹಾಳೆಯನ್ನು ಎಲ್ಲ ಡಾಕ್ಟರ ಮುಂದೆಯೂ ಇಡುವುದು. ಅಮ್ಮನಿಗೆ 67 ವರ್ಷ, ಹಾಸನದ ಹತ್ತಿರ ಊರಲ್ಲಿದ್ದಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಇಂಗ್ಲಿಷ್ ಔಷಧಿ ಒಬ್ಬರ ಹತ್ತಿರ, ಆಯುರ್ವೇದ ಇನ್ನೊಬ್ಬರ ಹತ್ತಿರ. ಇಬ್ಬರೂ ಒಳ್ಳೆಯ ಡಾಕ್ಟರೇ. ಆದರೆ ಒಬ್ಬರು ಏನು ಕೊಟ್ಟಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಇದೇ ವಿಷಯಕ್ಕೆ.

ಜೂನ್

ಮನೆಯಲ್ಲಿದ್ದ ಡಬ್ಬಿ, ಸೀಸೆ, ಪೊಟ್ಟಣ ಎಲ್ಲ ತಂದು ಜಗುಲಿಯ ಮೇಲೆ ಹರಡಿದೆವು. ಒಂದೊಂದರ ಮುಂದೆಯೂ ಕಂಪನಿ ಹೆಸರು, ಒಳಗಿನ ಔಷಧಿಯ ಹೆಸರು, ಯಾಕೆ, ಯಾವ ಹೊತ್ತಿಗೆ, ಹೇಳಿದ್ದು ಯಾರು ಅಂತ ಬರೆದೆ. ಒಳಗಿನ ಔಷಧಿಯ ಹೆಸರು ಬರೆಯುವುದೇ ಮುಖ್ಯ. ಡಾಕ್ಟರು ಚೀಟಿಯಲ್ಲಿ ಅದನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ವೈದ್ಯಕೀಯ ಮಂಡಳಿಯ ನಿಯಮಕ್ಕೆ 2016ರಲ್ಲಿ ತಿದ್ದುಪಡಿಯೇ ಆಗಿದೆ. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ.

ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ಎರಡು ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಸಿಕ್ಕಿತು. ಬೆಳಗ್ಗೆ ಒಂದು, ರಾತ್ರಿ ಒಂದು. ಬೇರೆ ಬೇರೆ ಸಮಯದಲ್ಲಿ ಬರೆಸಿಕೊಂಡದ್ದು. ಸಂಜೆಯಾದರೆ ಅಮ್ಮನ ಕಾಲು ಊದಿಕೊಳ್ಳುತ್ತಿತ್ತು, ವಯಸ್ಸಾಯಿತಲ್ಲ ಅಂತ ಅವರು ಸುಮ್ಮನಿದ್ದರು. ಪಾದ ಊದುವುದು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮ, ಡೋಸ್ ಜಾಸ್ತಿಯಾದಷ್ಟೂ ಊತ ಜಾಸ್ತಿ. ಹಾಳೆ ನೋಡಿದ ಕೂಡಲೇ ಡಾಕ್ಟರು ಒಂದನ್ನು ನಿಲ್ಲಿಸಿದರು. ಬಿಪಿ ಏರಲಿಲ್ಲ. ಊತ ಇಳಿಯಿತು.

ಲೇಬಲ್ ಇಲ್ಲದ ಒಂದು ಪುಡಿಯೂ ಇತ್ತು. ಶುಗರ್‌ಗೆ ರಾಮಬಾಣ ಅಂತ ಸಂತೆಯಲ್ಲಿ ಯಾರೋ ಮಾರಿದ್ದು. ಅದನ್ನು ನಿಲ್ಲಿಸಿ ಅಂದವರು ಆಯುರ್ವೇದ ಡಾಕ್ಟರೇ. ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಯಾವುದನ್ನೂ ಬಾಯಿಗೆ ಹಾಕಬೇಡಿ ಅಂದರು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಸಿಗುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಆಯುರ್ವೇದದ ಮೇಲೆ ನನಗೆ ಗೌರವವಿದೆ. ಆದ್ದರಿಂದಲೇ ಈ ಜಾಗ್ರತೆ ಬೇಕು ಅನ್ನುತ್ತೇನೆ.

ಜುಲೈ

ಹೊತ್ತಿಗೆ ಸರಿಯಾಗಿ ಮೀಟರ್‌ನಲ್ಲಿ ಶುಗರ್ ನೋಡಿ ಒಂದು ಪುಸ್ತಕದಲ್ಲಿ ಬರೆಯಲು ಶುರು ಮಾಡಿದೆವು. ಊಟಕ್ಕೆ ಮುಂಚೆ ಒಂದು ಸಲ, ಊಟ ಶುರು ಮಾಡಿದ ಎರಡು ಗಂಟೆಗೆ ಇನ್ನೊಂದು ಸಲ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡೇ ಚುಚ್ಚಬೇಕು. ಬೆರಳಿಗೆ ಬಾಳೆಹಣ್ಣು ಅಂಟಿದ್ದರೂ ಸುಳ್ಳು ಲೆಕ್ಕ ಬರುತ್ತದೆ. ಒಳ್ಳೆಯ ಮೀಟರ್‌ನಲ್ಲೂ ಶೇಕಡಾ 15ರಷ್ಟು ಆಚೀಚೆ ಆಗಬಹುದು. ಅದಕ್ಕೇ ಐದು, ಹತ್ತು ಅಂಕಿ ವ್ಯತ್ಯಾಸಕ್ಕೆ ಅಮ್ಮ ಗಾಬರಿಯಾದರೆ ನಾನು ತಡೆಯುತ್ತಿದ್ದೆ.

ನಮ್ಮ ಕಡೆ ಶುಗರ್ ಅಂದ ಕೂಡಲೇ ಅನ್ನ ಬಿಡಿ, ರಾಗಿ ತಿನ್ನಿ ಅನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ನಾರು 11 ಗ್ರಾಂ. ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇಲ್ಲ. ಇಲ್ಲಿ ರಾಗಿಯೇ ಮುಂದೆ. ಆದರೆ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್)? ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ 67. ಅಷ್ಟೇನೂ ಕಡಿಮೆ ಇಲ್ಲ ಅಲ್ವಾ?

ಅಮ್ಮನ ಪುಸ್ತಕದಲ್ಲೂ ಅದೇ ಕಾಣಿಸಿತು. ಎರಡು ದೊಡ್ಡ ಮುದ್ದೆ, ತೆಳು ಸಾರು ಉಂಡ ದಿನ ಎರಡು ಗಂಟೆಯ ನಂತರ ಶುಗರ್ 200ರ ಮೇಲೆ. ಸಕ್ಕರೆ ಹಾಕದ ರಾಗಿ ಗಂಜಿಗೂ ಹೆಚ್ಚುಕಡಿಮೆ ಅಷ್ಟೇ. ನುಣ್ಣಗೆ ಬೀಸಿ ನೀರಾಗಿ ಬೇಯಿಸಿದ್ದು ಬೇಗ ಅರಗಿ ಬೇಗ ರಕ್ತಕ್ಕೆ ಸೇರುತ್ತದೆ. ಅದೇ ಒಂದು ಸಣ್ಣ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಉಂಡ ಮೇಲೆ ಹಿತ್ತಲಲ್ಲಿ ಕಾಲು ಗಂಟೆ ಓಡಾಟ. ಆಗ 160ರ ಸುತ್ತಮುತ್ತ. ಹಲವು ಸಲ ನೋಡಿದ ಮೇಲೂ ಇದು ಹಾಗೇ ಉಳಿಯಿತು. ಮುದ್ದೆ ಬಿಡಬೇಕಾಗಿಲ್ಲ ಅಂತ ಅಮ್ಮನಿಗೆ ಆದ ಸಂತೋಷ ನನಗೂ ಆಯಿತು.

ಇದೇ ತಿಂಗಳು ಒಂದು ಮಧ್ಯಾಹ್ನ ಅಮ್ಮನಿಗೆ ಕೈ ನಡುಗಿ ಬೆವರಿತು. ಮೀಟರ್‌ನಲ್ಲಿ 62, ಅಂದರೆ ಶುಗರ್ ತೀರಾ ಇಳಿದಿತ್ತು. ಅವತ್ತು ಆಷಾಢ ಏಕಾದಶಿ. ಉಪವಾಸ, ಆದರೆ ಬೆಳಗ್ಗೆ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ನುಂಗಿದ್ದರು. ಅದರ ಮೇಲೆ ಪಕ್ಕದ ಮನೆಯವರು ಕೊಟ್ಟ ಹಾಗಲಕಾಯಿ ರಸ. ಈ ಮಾತ್ರೆ ಹೊಟ್ಟೆಗೆ ಅನ್ನ ಬೀಳಲಿ ಬಿಡಲಿ ಇನ್ಸುಲಿನ್ ಬಿಡಿಸುತ್ತದೆ, ಹಾಗಲಕಾಯಿಗೂ ಸಕ್ಕರೆ ಇಳಿಸುವ ಗುಣವಿದೆ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆವು. 15 ನಿಮಿಷಕ್ಕೆ ಮತ್ತೆ ನೋಡಿದಾಗ 70 ದಾಟಿತ್ತು. ಆಮೇಲೆ ಊಟ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಸಕ್ಕರೆ ಕೊಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಉಪವಾಸ ಬಿಡಿ ಅಂತ ನಾನು ಅಮ್ಮನಿಗೆ ಹೇಳಲಿಲ್ಲ. ಅವರಿಗೆ ಅದು ಬೇಕು. ಬದಲಿಗೆ ಉಪವಾಸದ ದಿನ ಯಾವ ಮಾತ್ರೆ, ಎಷ್ಟು ಅಂತ ಡಾಕ್ಟರ ಕೈಯಲ್ಲೇ ಬರೆಸಿ ಹಾಳೆಗೆ ಸೇರಿಸಿದೆವು. ಹಾಗಲಕಾಯಿ ಈಗ ಪಲ್ಯದಲ್ಲಿ ಮಾತ್ರ.

ಆಗಸ್ಟ್

ಮೂರು ತಿಂಗಳ ಶುಗರ್ ಹೇಳುವ ಎಚ್‌ಬಿಎ1ಸಿ 8.4 ಬಂತು. ಡಾಕ್ಟರು ಡೋಸ್ ಏರಿಸಲು ಹೊರಟಿದ್ದರು. ಆದರೆ ನಮ್ಮ ಪುಸ್ತಕದ ಲೆಕ್ಕಕ್ಕೂ ಅದಕ್ಕೂ ತಾಳೆ ಇರಲಿಲ್ಲ. ಪುಸ್ತಕ ತೋರಿಸಿ ಯಾಕೆ ಹೀಗೆ ಅಂತ ಅಮ್ಮನೇ ಕೇಳಿದರು. ಡಾಕ್ಟರು ಹಿಮೋಗ್ಲೋಬಿನ್ ನೋಡಿದರು, 9.6 ಇತ್ತು, ಅಂದರೆ ಕಡಿಮೆ. ಕಬ್ಬಿಣದ ಅಂಶ ಕಡಿಮೆ ಇದ್ದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಈ ಪರೀಕ್ಷೆ ಅಳೆಯುವುದು ಅದಕ್ಕೆ ಅಂಟಿದ ಸಕ್ಕರೆಯನ್ನು. ಹೊಸ ಕಣ ಹುಟ್ಟುವುದು ಕಡಿಮೆಯಾದರೆ ಸಕ್ಕರೆ ಜಾಸ್ತಿ ಅಂಟಿದ ಹಳೆಯವೇ ಹೆಚ್ಚು ಉಳಿಯುತ್ತವೆ. ಆವತ್ತು ಅಮ್ಮ ಕೇಳದೇ ಇದ್ದಿದ್ದರೆ ಡೋಸ್ ಏರುತ್ತಿತ್ತು, ಶುಗರ್ ಇನ್ನೊಮ್ಮೆ ಪಾತಾಳಕ್ಕೆ ಇಳಿಯುತ್ತಿತ್ತೇನೋ.

ರಕ್ತ ಯಾವಾಗಿನಿಂದ ಕಡಿಮೆ ಅಂತ ತಿಳಿಯಲು ಹಿಂದೆ ಅಡ್ಮಿಟ್ ಆಗಿದ್ದ ಆಸ್ಪತ್ರೆಯ ದಾಖಲೆ ಬೇಕಾಯಿತು. ಕೊಡುವುದಿಲ್ಲ ಅಂದರು. ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಅದನ್ನೇ ಬರೆದು ಅರ್ಜಿ ಕೊಟ್ಟು, ಸ್ವೀಕರಿಸಿದ ಸಹಿ ಪಡೆದೆವು. ಜಗಳ ಆಡಲಿಲ್ಲ. ದಾಖಲೆ ಸಿಕ್ಕಿತು, ಆಗಲೇ ರಕ್ತ ಕಡಿಮೆ ಇತ್ತು.

ಕಬ್ಬಿಣದ ಮಾತ್ರೆ ಅಮ್ಮನಿಗೆ ಹಿಂದೆಯೂ ಕೊಟ್ಟಿದ್ದರು. ಆದರೆ ಫಿಲ್ಟರ್ ಕಾಫಿಯ ಜೊತೆ ನುಂಗುತ್ತಿದ್ದರು, ಅದೇ ಹೊತ್ತಿಗೆ ಕ್ಯಾಲ್ಸಿಯಂ ಮಾತ್ರೆ. ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಈಗ ಬೆಳಗ್ಗೆ ಎದ್ದು ಕಬ್ಬಿಣದ ಮಾತ್ರೆ, ಕಾಫಿ ಗಂಟೆಯ ನಂತರ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಆಯುರ್ವೇದ ಡಾಕ್ಟರು ಕೊಡುತ್ತಿದ್ದ ಅರಿಸಿನ, ನೆಲ್ಲಿಕಾಯಿಯ ನಿಶಾಮಲಕಿ ಚೂರ್ಣದ ಬಗ್ಗೆ ಇಬ್ಬರನ್ನೂ ಕೇಳಿದೆವು. ಅರಿಸಿನಕ್ಕೆ ಕಬ್ಬಿಣ ಹೀರುವುದನ್ನು ತಡೆಯುವ ಗುಣ ಇರುವುದರಿಂದ ರಕ್ತ ಸರಿಹೋಗುವವರೆಗೆ ಬೇಡ, ಬರೀ ನೆಲ್ಲಿಕಾಯಿ ತಿನ್ನಿ ಅಂತ ಇಬ್ಬರೂ ಒಪ್ಪಿದರು. ನೆಲ್ಲಿಕಾಯಿಯ ಸಿ ವಿಟಮಿನ್ ಕಬ್ಬಿಣಕ್ಕೆ ಒಳ್ಳೆಯದು. ಇಬ್ಬರೂ ಒಂದೇ ಹಾಳೆಯ ಕೆಳಗೆ ಬರೆದುಕೊಟ್ಟದ್ದು ಅದೇ ಮೊದಲು.

ಈಗ

ಗೌರಿ ಹಬ್ಬಕ್ಕೆ ಅಮ್ಮ ಒಂದು ಒಬ್ಬಟ್ಟು ತಿಂದರು, ಆ ಹೊತ್ತಿಗೆ ಅನ್ನ ಬಿಟ್ಟು ಕೋಸಂಬರಿ ಜಾಸ್ತಿ. ಎರಡು ಗಂಟೆಯ ನಂತರ ಶುಗರ್ 178. ಹಿಮೋಗ್ಲೋಬಿನ್ 10.9ಕ್ಕೆ ಏರಿದೆ.

ಬಾಕಿ ಇರುವುದು: ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬಹಳ ವರ್ಷ ತೆಗೆದುಕೊಂಡರೆ ಬಿ12 ವಿಟಮಿನ್ ಕಡಿಮೆಯಾಗಬಹುದು, ಅಮ್ಮ ಸಸ್ಯಾಹಾರಿ ಬೇರೆ, ಪಾದ ಜೋಮು ಹಿಡಿಯುತ್ತದೆ ಅನ್ನುತ್ತಾರೆ. ಅದರ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ. ಕಣ್ಣಿನ ಪರದೆ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ವರ್ಷಕ್ಕೊಮ್ಮೆ ನೋಡಿಸಬೇಕಾದವು, ಅವಕ್ಕೆ ದೀಪಾವಳಿಗೆ ಮುಂಚೆ ದಿನ ಗೊತ್ತುಮಾಡಬೇಕು. ಎಚ್‌ಬಿಎ1ಸಿ ಮತ್ತೆ ಮಾಡಿಸುವುದು ರಕ್ತ ಸರಿಹೋದ ಮೇಲೆ. ಮುಂದಿನ ಭೇಟಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಅಮ್ಮ ತಮ್ಮ ಕೈಯಲ್ಲೇ ಬರೆದಿಟ್ಟಿದ್ದಾರೆ. ಮೊದಲನೆಯದು ಗ್ಲಿಮೆಪಿರೈಡ್ ಕಡಿಮೆ ಮಾಡಬಹುದಾ ಅನ್ನುವುದು.